ಚೀಟಿ ಅಕ್ಕ ಬಾಯಿ ಮುಚ್ಚಿ ಕೂತ ಬೆಳಗು

ಬೆಳಗಿನ ಐದು ಮುಕ್ಕಾಲು. ಆಸ್ಪತ್ರೆಯ ಹೊರರೋಗಿ ವಿಭಾಗದ ಹಜಾರದಲ್ಲಿ ಇನ್ನೂ ಅರ್ಧ ದೀಪಗಳಷ್ಟೇ ಉರಿಯುತ್ತಿವೆ. ನೀಲಿ ಮೇಲಂಗಿ ತೊಟ್ಟ, ಐವತ್ತೆರಡು ವರ್ಷದ ಹೆಂಗಸೊಬ್ಬರು ಟೋಕನ್ ಕೊಡುವ ಯಂತ್ರದ ಮುಂದೆ ಸೊಂಟ ಬಗ್ಗಿಸಿ, ಕತ್ತು ಓರೆ ಮಾಡಿಕೊಂಡು, ಕಪ್ಪಗಿರುವ ಪರದೆಯನ್ನು ದಿಟ್ಟಿಸುತ್ತಿದ್ದಾರೆ. ಕೈಯಲ್ಲಿ ಒದ್ದೆ ಬಟ್ಟೆಯಿದೆ. ಆದರೆ ಒರೆಸುತ್ತಿಲ್ಲ.

"ಒರೆಸೋಕ್ ಮುಂಚೆ ಒಂದ್ಸಲ ನೋಡ್ಬೇಕು ಸಾರ್," ಅನ್ನುತ್ತಾರೆ. "ಈ ಕಡೆ ಬನ್ನಿ. ಓರೆಯಾಗಿ ನೋಡಿ, ಬೆಳಕು ಬೀಳ್ಬೇಕು. ಕಾಣ್ತಾ? ನಿನ್ನೆ ಯಾರ್ಯಾರು ಎಲ್ಲೆಲ್ಲಿ ಒತ್ತಿದ್ರು ಅನ್ನೋದೆಲ್ಲ ಇಲ್ಲೇ ಇದೆ."

ಕಾಣುತ್ತಿದೆ. ಗಾಜಿನ ತುಂಬ ಬೆರಳ ಗುರುತು. ನಟ್ಟನಡುವೆ ಮಾತ್ರ ಜಿಡ್ಡು ಗಟ್ಟಿಯಾಗಿ ಮೆತ್ತಿಕೊಂಡಿದೆ. "ಅದು ಡಾಕ್ಟ್ರ ಮೂಗು," ಎಂದು ಅವರು ಸ್ವಿಚ್ಚು ಹಾಕುತ್ತಾರೆ. ಪರದೆ ಬೆಳಗಿ, ಹಲ್ಲು ಕಿರಿದು ನಗುವ ವೈದ್ಯರೊಬ್ಬರ ಚಿತ್ರ ಮೂಡುತ್ತದೆ. ಜಿಡ್ಡು ಸರಿಯಾಗಿ ಮೂಗಿನ ಮೇಲೇ ಕೂತಿದೆ. ಬಂದವರೆಲ್ಲ ಮೊದಲು ಒತ್ತುವುದು ಅದನ್ನೇ. ಅದನ್ನು ಒತ್ತಿದರೆ ಏನೂ ಆಗುವುದಿಲ್ಲ. ಒತ್ತಬೇಕಾದ್ದು ಕೆಳಗೆ ಮೂಲೆಯಲ್ಲಿ, ಇರುವೆ ಗಾತ್ರದ ಬೂದು ಅಕ್ಷರಗಳಲ್ಲಿ 'ಮುಂದುವರಿಯಲು ಸ್ಪರ್ಶಿಸಿ' ಎಂದು ಬರೆದಿರುವ ಪಟ್ಟಿಯನ್ನು. ಅಲ್ಲಿ ಗಾಜು ಹೊಸದರ ಹಾಗೆ ಫಳಫಳ ಹೊಳೆಯುತ್ತಿದೆ.

ಇವರನ್ನು ಆಸ್ಪತ್ರೆಗೆ ಬರುವವರೆಲ್ಲ ಕರೆಯುವುದು ಚೀಟಿ ಅಕ್ಕ ಎಂದು. ಯಂತ್ರದಿಂದ ಚೀಟಿ ಬರಿಸಿಕೊಡುವವರಾದ್ದರಿಂದ ಆ ಹೆಸರು. ಪತ್ರಿಕೆಗೆ ಬರೆಯಲು ಎಲೆಮರೆಯ ಕಾಯಿಗಳನ್ನು ಹುಡುಕಿಕೊಂಡು ಊರೆಲ್ಲ ಅಲೆಯುವ ನನಗೆ ಇವರು ಸಿಕ್ಕಿದ್ದು ಹುಡುಕಿ ಅಲ್ಲ. ಎರಡು ತಿಂಗಳ ಹಿಂದೆ ಊದಿದ ದವಡೆ ಹಿಡಿದುಕೊಂಡು ಇದೇ ಯಂತ್ರದ ಮುಂದೆ ನಾನು ನಾಲ್ಕು ಸಲ ಸೋತಿದ್ದೆ. ಇಪ್ಪತ್ತು ವರ್ಷದಿಂದ ಕಂಪ್ಯೂಟರ್ ಕುಟ್ಟಿ ಅನ್ನ ತಿನ್ನುವವನು ನಾನು. ಐದನೇ ಸಲಕ್ಕೆ ಯಂತ್ರಕ್ಕೆ ಒದೆಯಲು ಕಾಲೆತ್ತಿದಾಗ ಪಕ್ಕದಿಂದ, "ತಡೀರಿ ಸಾರ್, ಕಾಲಿಗೂ ಏಟಾದ್ರೆ ಇನ್ನೊಂದು ಚೀಟಿ ತಗೋಬೇಕಾಗುತ್ತೆ," ಎಂದು ಮೆಲ್ಲನೆ ಹೇಳಿದವರು ಇವರು.

ಇವತ್ತು ಅವರು ಎಂದಿನಂತಿಲ್ಲ. ಹಿಂಡಿದ ಬಟ್ಟೆಯನ್ನೇ ಮತ್ತೆ ಮತ್ತೆ ಹಿಂಡುತ್ತಿದ್ದಾರೆ. ಕಾರಣವನ್ನು ಮೊದಲೇ ಹೇಳಿಬಿಡುತ್ತೇನೆ. ಇನ್ನು ಹನ್ನೆರಡು ದಿನಕ್ಕೆ ಇದೇ ಯಂತ್ರ, ಇದೇ ಪರದೆ, ಇದೇ ಬಟನ್‌ಗಳು ಇನ್ನೂ ನಲವತ್ತೊಂದು ಆಸ್ಪತ್ರೆಗಳಿಗೆ ಹೋಗಿ ಕೂರಲಿವೆ. ಅಲ್ಲಿ ಪಕ್ಕದಲ್ಲಿ ಚೀಟಿ ಅಕ್ಕ ಇರುವುದಿಲ್ಲ. ಯಂತ್ರ ಸರಿಯಿಲ್ಲ ಎಂದು ತೋರಿಸಿಕೊಡಲು ಅವರಿಗೆ ಸಿಕ್ಕಿರುವುದು ಇವತ್ತು ಬೆಳಿಗ್ಗೆ ಆರೂವರೆಯಿಂದ ಏಳರ ತನಕದ ಅರ್ಧ ಗಂಟೆ.

ಅರ್ಧ ಗಂಟೆಗೆ ಬಂದು ನಿಂತ ಈ ಕಥೆಯ ಹಿಂದೆ ಹನ್ನೊಂದು ತಿಂಗಳ ಗೋಳಿದೆ. ಆಸ್ಪತ್ರೆಯ ದಾಖಲೆಯಲ್ಲಿ ಚೀಟಿ ಅಕ್ಕ ಸ್ವಚ್ಛತಾ ಸಿಬ್ಬಂದಿ. ಕೆಲಸ ನೆಲ ಒರೆಸುವುದು. ಯಂತ್ರ ಬಂದ ಮೊದಲ ದಿನ ಅವರು ಹಜಾರ ಒರೆಸುತ್ತಿದ್ದಾಗ ಒಬ್ಬ ಅಜ್ಜಿ, "ಮಗಳೇ, ಇದು ಯಾಕೋ ನನ್ನ ಮಾತು ಕೇಳ್ತಿಲ್ಲ," ಎಂದು ಕರೆದಳಂತೆ. ಅಜ್ಜಿ ಯಂತ್ರಕ್ಕೆ ಬಾಯಿಬಿಟ್ಟು ತನ್ನ ಮಂಡಿನೋವು ವಿವರಿಸುತ್ತಿದ್ದಳು. ಇವರು ನೆಲ ಒರೆಸುವ ಕೋಲನ್ನು ಗೋಡೆಗೊರಗಿಸಿ ಹತ್ತಿರ ಹೋದರು. ಅಜ್ಜಿಯ ಹಿಂದೆ ಇನ್ನೊಬ್ಬರು, ಅವರ ಹಿಂದೆ ಮತ್ತೊಬ್ಬರು. ಆ ದಿನ ಕೋಲು ಗೋಡೆ ಬಿಟ್ಟು ಕದಲಲಿಲ್ಲ. ಮೇಲ್ವಿಚಾರಕರು ಕಣ್ಣು ಕೆಂಪು ಮಾಡಿದರು. ಕೊನೆಗೊಂದು ಒಪ್ಪಂದವಾಯಿತು: ನೆಲವೆಲ್ಲ ಏಳರೊಳಗೆ ಒರೆಸಿ ಮುಗಿಸಿದರೆ, ಏಳರಿಂದ ಒಂದರವರೆಗೆ ಯಂತ್ರದ ಹತ್ತಿರ ನಿಲ್ಲಬಹುದು. ಅದಕ್ಕೇ ಅವರು ಈಗ ಬರುವುದು ನಾಲ್ಕೂವರೆಗೆ.

ದಿನಕ್ಕೆ ಇನ್ನೂರ ಮೂವತ್ತರಿಂದ ಇನ್ನೂರ ನಲವತ್ತು ಜನ. ಒಬ್ಬೊಬ್ಬರಿಗೆ ಹೆಚ್ಚೂಕಮ್ಮಿ ಒಂದೂವರೆ ನಿಮಿಷ. ಆರು ಗಂಟೆ ನಿಂತೇ ಇರಬೇಕು. ಕಾಲಿನ ನರಗಳು ಹುರಿಯಾಗಿ ಉಬ್ಬಿಕೊಂಡಿವೆ. ಕುರ್ಚಿ ಕೇಳಿದ್ದಕ್ಕೆ, ನೆಲ ಒರೆಸುವವರಿಗೆ ಕುರ್ಚಿ ಮಂಜೂರು ಮಾಡಲು ನಿಯಮದಲ್ಲಿ ಅವಕಾಶವಿಲ್ಲ ಎಂದು ಲಿಖಿತ ಉತ್ತರ ಬಂದಿದೆ. ಉತ್ತರವನ್ನು ಟೈಪು ಮಾಡಿದವರು ಕುರ್ಚಿಯ ಮೇಲೇ ಕೂತು ಮಾಡಿರುತ್ತಾರೆ, ಅದು ಬೇರೆ ಮಾತು.

ಇನ್ನು ಯಂತ್ರದ ವಿಷಯ. ಹೊಸಬರಿಗೆ ಒಂದು ಮಾತು ತಿಳಿಸಬೇಕು. ಇಂಥ ಪರದೆಗಳನ್ನು ರೂಪಿಸುವುದೇ ಒಂದು ವಿದ್ಯೆ, ಅದನ್ನು ಕಲಿಸುವ ಕಾಲೇಜುಗಳಿವೆ, ದಪ್ಪ ದಪ್ಪ ಪುಸ್ತಕಗಳಿವೆ. ಅದರಲ್ಲಿ ಎರಡು ಭಾಗ. ಇಂಟರ್‌ಫೇಸ್ ಎಂದರೆ ಕಣ್ಣಿಗೆ ಕಾಣುವುದು, ಬೆರಳಿಗೆ ತಗಲುವುದು: ಬಟನ್, ಬಣ್ಣ, ಅಕ್ಷರ. ಯೂಸರ್ ಎಕ್ಸ್‌ಪೀರಿಯನ್ಸ್ ಎಂದರೆ ಬಾಗಿಲಲ್ಲಿ ಕಾಲಿಟ್ಟಲ್ಲಿಂದ ಡಾಕ್ಟರ ಮುಂದೆ ಕೂರುವ ತನಕ ಆ ಮನುಷ್ಯ ಪಡುವ ಪಾಡು. ಮೊದಲನೆಯದನ್ನು ಆಫೀಸಿನಲ್ಲಿ ಕೂತು ಚಿತ್ರ ಬಿಡಿಸಬಹುದು. ಎರಡನೆಯದಕ್ಕೆ ಇಲ್ಲಿ ಬಂದು ನಿಲ್ಲಬೇಕು. ಚೀಟಿ ಅಕ್ಕ ಓದಿದ್ದು ಏಳನೇ ತರಗತಿ. ಈ ಎರಡು ಹೆಸರುಗಳನ್ನೂ ಅವರು ಮೊದಲು ಕೇಳಿದ್ದು ಹೋದ ವಾರ.

ಆದರೆ ಪಾಠ ಮಾಡಲು ನಿಂತರೆ ಪ್ರೊಫೆಸರ್‌ಗಳ ಬೆವರಿಳಿಸಿಬಿಡುತ್ತಾರೆ. ಡಾಕ್ಟರ ಮೂಗು ದಾಟಿದರೆ ಎರಡನೇ ಪರದೆ. 'ನೀವು ನೋಂದಾಯಿತ ಬಳಕೆದಾರರೇ?' ಎಂದು ಅದು ಕೇಳುತ್ತದೆ. "ಒಬ್ಬರು ನನ್ನನ್ನ ಕೇಳಿದ್ರು, ಅಕ್ಕಾ ನಾನು ಬಳಕೆದಾರ ಅಲ್ಲ, ಕಾಯಿಲೆಯವನು, ನಾನು ಎಲ್ಲಿ ಒತ್ಲಿ ಅಂತ. ಏನ್ ಹೇಳ್ಲಿ? ಈ ಮುಂಚೆ ಇಲ್ಲಿಗೆ ಬಂದಿದ್ದೀರಾ ಅಂತ ಕೇಳಕ್ಕೆ ಇವರಿಗೇನು ಗಂಟಲು ನೋವಾ?"

ಮೂರನೆಯದರಲ್ಲಿ ಇಪ್ಪತ್ತೆರಡು ವಿಭಾಗಗಳ ಹೆಸರು, ವೈದ್ಯರ ಬಾಯಲ್ಲಿರುವ ಹಾಗೇ. ಮೂತ್ರಪಿಂಡದವರು ನೆಫ್ರಾಲಜಿ ಎನ್ನುವುದನ್ನು ಹುಡುಕಬೇಕು. ಹುಡುಕಲು ಸಿಗುವುದು ಮೂವತ್ತು ಸೆಕೆಂಡು. ಅಷ್ಟರಲ್ಲಿ ಒತ್ತದಿದ್ದರೆ ಯಂತ್ರವೇ ಬೇಸತ್ತು ಮತ್ತೆ ನಗುವ ಡಾಕ್ಟರ ಹತ್ತಿರ ಓಡುತ್ತದೆ. ಕನ್ನಡಕ ಜೇಬಿನಿಂದ ತೆಗೆದು, ಮಡಿಕೆ ಬಿಡಿಸಿ, ಒರೆಸಿ, ಮೂಗಿಗೇರಿಸಲು ವಯಸ್ಸಾದವರಿಗೆ ಹದಿನೆಂಟು ಸೆಕೆಂಡು ಬೇಕು. ಚೀಟಿ ಅಕ್ಕ ಗೋಡೆ ಗಡಿಯಾರ ನೋಡಿ ಎಣಿಸಿದ್ದಾರೆ.

ನಾಲ್ಕನೆಯದು ಫೋನ್ ನಂಬರು. ಇಲ್ಲಿ ನಾನೇ ಸೋತದ್ದು. ನಮ್ಮೆಲ್ಲರ ಫೋನಿನಲ್ಲಿ ಒಂದು, ಎರಡು, ಮೂರು ಮೇಲಿನ ಸಾಲಿನಲ್ಲಿರುತ್ತವೆ. ಈ ಪರದೆಯಲ್ಲಿ ಅವು ಕೆಳಗಿವೆ, ಮೇಲೆ ಏಳು, ಎಂಟು, ಒಂಬತ್ತು. ಕಂಪ್ಯೂಟರ್ ಕೀಲಿಮಣೆಯ ಬಲಗಡೆ ಇರುತ್ತದಲ್ಲ, ಆ ಕ್ರಮ. ಸ್ವಂತ ನಂಬರನ್ನು ಯಾರೂ ಓದಿಕೊಂಡು ಒತ್ತುವುದಿಲ್ಲ, ಬೆರಳು ತಾನೇ ಓಡುತ್ತದೆ. ಓಡಿದ ಬೆರಳು ಎಲ್ಲೂ ಇಲ್ಲದ ನಂಬರು ಒತ್ತಿರುತ್ತದೆ.

"ನಮ್ಮನೆಯವರು ಹದಿನೆಂಟು ವರ್ಷದಿಂದ ಬಸ್ ಓಡಿಸ್ತಾರೆ," ಎಂದು ಚೀಟಿ ಅಕ್ಕ ಗಂಡನ ಕಥೆ ತೆಗೆಯುತ್ತಾರೆ. "ಹೋದ್ ವರ್ಷ ಹೊಸ ಬಸ್ ಕೊಟ್ರು. ಅದರಲ್ಲಿ ತಿರುವಿನ ದೀಪದ ಕಡ್ಡಿ ಒಂದು ಕಡೆ ಇದ್ದಿದ್ದು ಇನ್ನೊಂದು ಕಡೆಗೆ ಹೋಗಿದೆ. ಅದರ ಜಾಗಕ್ಕೆ ಗಾಜು ಒರೆಸೋ ಕಡ್ಡಿ ಬಂದಿದೆ. ಒಂದು ತಿಂಗಳು ಪೂರ್ತಿ, ಸುಡುಬಿಸಿಲಲ್ಲಿ, ಪ್ರತಿ ತಿರುವಲ್ಲೂ ಗಾಜು ಒರೆಸ್ಕೊಂಡೇ ಹೋದ್ರು. ಜನ ಬಿದ್ದು ಬಿದ್ದು ನಕ್ಕರು. ಮನೆಗೆ ಬಂದು ಮುಖ ಸಪ್ಪಗೆ ಮಾಡ್ಕೊಂಡು ಕೂತಿರೋರು, ನಂಗೆ ವಯಸ್ಸಾಯ್ತು ಕಣೇ ಅಂತ. ವಯಸ್ಸಲ್ಲ, ಕಡ್ಡಿ ಅಂತ ನಾನು ಹೇಳಿದೆ. ಆ ಕೈಗೆ ಹದಿನೆಂಟು ವರ್ಷದ ಅಭ್ಯಾಸ ಇದೆ, ಅದನ್ನ ಕೇಳದೇ ಕಡ್ಡಿ ಬದಲಾಯಿಸಿದೋರದ್ದು ತಪ್ಪು."

ಮನೆಯಲ್ಲಿ ಇನ್ನೊಂದು ಪ್ರಯೋಗಶಾಲೆಯಿದೆ, ಅತ್ತೆಯ ಟೀವಿ ರಿಮೋಟು. ಎಪ್ಪತ್ತೆಂಟರ ಅತ್ತೆಗೆ ಕಣ್ಣು ಮಸುಕು. ನಲವತ್ತಾರು ಬಟನ್‌ಗಳ ರಿಮೋಟಿನಲ್ಲಿ ಆಕೆ ಏನನ್ನೋ ಒತ್ತಿ ದಿನಕ್ಕೆರಡು ಸಲ ಟೀವಿ ಮೂಕವಾಗುತ್ತಿತ್ತು. ಚೀಟಿ ಅಕ್ಕ ಆಸ್ಪತ್ರೆಯಲ್ಲಿ ಬಿಸಾಡಿದ್ದ ಪ್ಲಾಸ್ಟರ್ ಪಟ್ಟಿಯ ಸುರುಳಿ ತಂದು ರಿಮೋಟಿಗೆ ಬ್ಯಾಂಡೇಜು ಸುತ್ತಿದರು, ಮೂರೇ ಮೂರು ತೂತು ಬಿಟ್ಟು. ಆವತ್ತಿನಿಂದ ಅತ್ತೆ ಸೊಸೆಯನ್ನು ಕರೆದಿಲ್ಲ. "ಅದೊಂದೇ ಬೇಜಾರು ಅವರಿಗೆ, ಬೈಯ್ಯೋಕೆ ಕಾರಣ ಸಿಗ್ತಿಲ್ಲ," ಎಂದು ನಗುತ್ತಾರೆ.

ಐದನೇ ಪರದೆಗೆ ಬಂದರೆ ನಗು ನಿಲ್ಲುತ್ತದೆ. ಇಷ್ಟೆಲ್ಲ ಹರಸಾಹಸ ಮಾಡಿ ಕೊನೆಗೆ ತಲುಪಿದವರ ಮುಂದೆ ಎರಡು ಬಟನ್. ಕೆಂಪು ಬಣ್ಣದ್ದು 'ಖಚಿತಪಡಿಸಿ'. ಹಸಿರು ಬಣ್ಣದ್ದು 'ರದ್ದುಮಾಡಿ'. ತಿರುಗುಮುರುಗಾಗಿಲ್ಲ, ಬೇಕೆಂದೇ ಹಾಗೆ ಇಟ್ಟಿದ್ದಾರೆ. ಆಸ್ಪತ್ರೆಯ ಲಾಂಛನದಲ್ಲಿ ಮೊದಲ ಬಣ್ಣ ಕೆಂಪು, ಎರಡನೆಯದು ಹಸಿರು, ಆದ್ದರಿಂದ ಮುಖ್ಯ ಬಟನ್ ಕೆಂಪಾಗಿರತಕ್ಕದ್ದು ಎಂದು ಯಾರೋ ಪುಣ್ಯಾತ್ಮರು ತೀರ್ಮಾನಿಸಿದ್ದಾರೆ. ರಸ್ತೆಯ ದೀಪ ನೋಡಿ ಬೆಳೆದ ಮನುಷ್ಯ ಕೆಂಪನ್ನು ಮುಟ್ಟುತ್ತಾನೆಯೇ? ಹಸಿರು ಒತ್ತುತ್ತಾನೆ. ಎಲ್ಲ ಅಳಿಸಿಹೋಗಿ ಡಾಕ್ಟರು ಮತ್ತೆ ನಗುತ್ತಾರೆ.

ಇದನ್ನೂ ಗೆದ್ದವರಿಗೆ ಚೀಟಿ ಬೀಳುವುದು ಮೊಣಕಾಲಿನ ಎತ್ತರದಲ್ಲಿ, ಒಂದು ಮುಚ್ಚಳದ ಹಿಂದೆ, ಸದ್ದಿಲ್ಲದೆ. ಬಂತೆಂದು ತಿಳಿಯದೆ ಜನ ಮತ್ತೆ ಮೊದಲಿಂದ ಒತ್ತುತ್ತಾರೆ. ಹೀಗೆ ಅನಾಥವಾಗಿ ಬಿದ್ದ ಚೀಟಿಗಳನ್ನೆಲ್ಲ ಚೀಟಿ ಅಕ್ಕ ಆಯ್ದಿಟ್ಟಿದ್ದಾರೆ. ಸಲಕರಣೆ ಕೋಣೆಯಲ್ಲಿ, ಬಕೆಟ್ಟುಗಳ ಹಿಂದೆ, ಒಂದು ದಿಂಬಿನ ಚೀಲದ ತುಂಬ. ಮುಂಬದಿಯಲ್ಲಿ ಯಂತ್ರ ಮುದ್ರಿಸಿದ ಅಕ್ಷರಗಳು ಹಳೆಯ ಚೀಟಿಗಳಲ್ಲಿ ಮಾಸಿಹೋಗಿ ಬರೀ ಬಿಳಿ ಕಾಗದ ಉಳಿದಿದೆ. ಹಿಂಬದಿಯಲ್ಲಿ, ಯಾರು ಎಲ್ಲಿ ಸೋತರು ಎಂದು ಅವರು ಪೆನ್ನಿನಲ್ಲಿ ಬರೆದದ್ದು ಹಾಗೇ ಇದೆ. 'ತಾತ. ನಂಬರು ಮೂರು ಸಲ ತಪ್ಪಿತು.' 'ಬಸುರಿ. ಬಗ್ಗಿ ಚೀಟಿ ತೆಗೆಯಲು ಆಗಲಿಲ್ಲ.' 'ಹುಡುಗಿ, ಓದಿದವಳು. ಹಸಿರು ಒತ್ತಿ ಅತ್ತಳು.' ನಾನು ಒಂದು ಮುಷ್ಟಿ ತೆಗೆದು ಓದುತ್ತ ಹೋದೆ. ನನ್ನದೂ ಇತ್ತು: 'ಕನ್ನಡಕದ ಸಾರ್. ಒದೆಯಲು ಹೋದರು.'

ಇಷ್ಟೆಲ್ಲ ಇಟ್ಟುಕೊಂಡು ಅವರು ಸುಮ್ಮನೆ ಕೂರಲಿಲ್ಲ. ಅಧೀಕ್ಷಕರ ಕೋಣೆಗೆ ಮೂರು ಸಲ ಹೋದರು. ಮೊದಲ ಸಲ, ಇದು ಯಂತ್ರ ಮಾಡಿದ ಕಂಪನಿಗೆ ಸಂಬಂಧಿಸಿದ್ದು ಎಂದರು. ಎರಡನೇ ಸಲ, ಸಲಹಾ ಪೆಟ್ಟಿಗೆಯಲ್ಲಿ ಹಾಕಿ ಎಂದರು. ಪೆಟ್ಟಿಗೆಯ ಬೀಗದ ಕೈ ಕಳೆದು ಎಷ್ಟು ಕಾಲವಾಯಿತೋ. ಮೂರನೇ ಸಲ ಅಧೀಕ್ಷಕರು ಒಂದು ವರದಿ ಹಿಡಿದು ತೋರಿಸಿದರು. ಯಂತ್ರ ಬಳಸಲು ಆರಂಭಿಸಿದ ನೂರು ಜನರಲ್ಲಿ ತೊಂಬತ್ತೇಳು ಜನ ಯಶಸ್ವಿಯಾಗಿ ಚೀಟಿ ಪಡೆದಿದ್ದಾರೆ ಎಂದು ಅದರಲ್ಲಿತ್ತು. ಇಡೀ ವ್ಯವಸ್ಥೆಯಲ್ಲೇ ಇಷ್ಟು ಒಳ್ಳೆಯ ಅಂಕ ಇನ್ನೊಂದಿಲ್ಲವಂತೆ. ಅದನ್ನು ನೋಡಿಯೇ ಉಳಿದ ನಲವತ್ತೊಂದು ಕಡೆಗೂ ಇದನ್ನೇ ಹಾಕಲು ಆದೇಶವಾಗಿತ್ತು.

"ನಾನು ತಲೆ ತಲೆ ಚಚ್ಕೊಂಡೆ ಸಾರ್," ಎಂದು ಹೇಳುವಾಗ ಅವರ ದನಿ ಈಗಲೂ ಏರುತ್ತದೆ. "ಆ ತೊಂಬತ್ತೇಳೂ ನಾನೇ! ಒತ್ತಿದ ಬೆರಳು ನಂದು! ಬೆರಳು ಯಾರದು ಅಂತ ಮಿಷಿನ್‌ಗೆ ಎಲ್ಲಿ ಗೊತ್ತಾಗುತ್ತೆ? ಹನ್ನೊಂದು ತಿಂಗಳು ನಾನು ಜನಕ್ಕೆ ಸಹಾಯ ಮಾಡ್ತಿದ್ದೀನಿ ಅನ್ಕೊಂಡಿದ್ದೆ. ಮಾಡ್ತಾ ಇದ್ದಿದ್ದು ಮಿಷಿನ್‌ಗೆ."

ಕೆಟ್ಟ ಕೆಲಸವನ್ನು ಒಳ್ಳೆಯವರೊಬ್ಬರು ಹಲ್ಲು ಕಚ್ಚಿಕೊಂಡು ಸುಧಾರಿಸಿದರೆ, ಮೆಚ್ಚುಗೆ ಪತ್ರ ಹೋಗುವುದು ಕೆಟ್ಟ ಕೆಲಸಕ್ಕೆ. ನಮ್ಮ ಎಷ್ಟು ಕಚೇರಿಗಳು ಹೀಗೇ ನಡೆಯುತ್ತಿವೆಯೋ ಲೆಕ್ಕ ಹಾಕಲು ಹೋದರೆ ತಲೆ ಕೆಡುತ್ತದೆ.

ಹೋದ ವಾರ ಕಂಪನಿಯಿಂದ ಒಬ್ಬ ಹುಡುಗಿ ಬಂದಳು. ಇಪ್ಪತ್ತಾರು ವರ್ಷ, ಈ ಪರದೆಯನ್ನು ರೂಪಿಸಿದ ವಿನ್ಯಾಸಕಿ. ದೂರು ಕೇಳಲು ಬಂದವಳಲ್ಲ, ತೊಂಬತ್ತೇಳರ ಸಾಧನೆಯ ವಿಡಿಯೊ ತೆಗೆಯಲು ಬಂದವಳು. ಯಂತ್ರದ ಪಕ್ಕ ನೀಲಿ ಮೇಲಂಗಿಯ ಹೆಂಗಸೊಬ್ಬರು ಚಿತ್ರದಲ್ಲಿ ಬರುತ್ತಿದ್ದಾರೆಂದು, "ಅಮ್ಮಾ, ಸ್ವಲ್ಪ ಪಕ್ಕಕ್ಕೆ ಬರ್ತೀರಾ?" ಎಂದಳು. ಚೀಟಿ ಅಕ್ಕ ಪಕ್ಕಕ್ಕೆ ಬಂದರು. ಮುಂದೆ ನಿಂತಿದ್ದ ರೋಗಿಯೂ ಅವರ ಜೊತೆಗೇ ಪಕ್ಕಕ್ಕೆ ಬಂದ.

ಆಮೇಲೆ ಇಬ್ಬರಿಗೂ ನಡೆದ ಮಾತನ್ನು ವಿನ್ಯಾಸಕಿಯೇ ನನಗೆ ಹೇಳಿದಳು. ಮುಚ್ಚಿಡದೆ ಹೇಳಿದ್ದಕ್ಕೆ ಅವಳನ್ನು ಮೆಚ್ಚಬೇಕು.

"ಇದನ್ನ ಯಾರ ಕೈಲಾದ್ರೂ ಒತ್ತಿಸಿ ನೋಡಿದ್ರಾಮ್ಮ?" ಎಂದು ಕೇಳಿದರಂತೆ ಚೀಟಿ ಅಕ್ಕ.

"ನೋಡಿದ್ವಿ. ಹದಿನಾಲ್ಕು ಜನ. ಎಲ್ಲರೂ ಸಲೀಸಾಗಿ ಮಾಡಿದ್ರು."

"ಯಾರವರು?"

"ನಮ್ಮ ಆಫೀಸಿನವರೇ."

"ಅವರಿಗೆಲ್ಲ ಎಲ್ಲಿ ನೋವಿತ್ತು?"

"ಯಾರಿಗೂ ನೋವಿರ್ಲಿಲ್ಲ," ಅನ್ನುತ್ತಾಳೆ ವಿನ್ಯಾಸಕಿ ಈಗ. "ಯಾರಿಗೂ ಅವಸರವೂ ಇರ್ಲಿಲ್ಲ. ಕಾಫಿ ಲೋಟ ಹಿಡ್ಕೊಂಡು ಒತ್ತಿದ್ರು." ದಿಂಬಿನ ಚೀಲವನ್ನು ಅವಳು ಒಂದಿಡೀ ಮಧ್ಯಾಹ್ನ ಕೂತು ಓದಿದಳು. ಆದರೆ ಅವಳ ಮೇಲಿನವರಿಗೆ ಚೀಟಿಯ ಬೆನ್ನಿನ ಬರಹ ಸಾಲದು, ಸಂಖ್ಯೆ ಬೇಕು. ಹಾಗೆ ನಿಶ್ಚಯವಾದದ್ದು ಇವತ್ತಿನ ಅರ್ಧ ಗಂಟೆ. ಮೊದಲು ಬರುವ ಹತ್ತು ಜನ, ಯಂತ್ರ, ಮತ್ತು ಯಾರ ಸಹಾಯವೂ ಇಲ್ಲ. ಚೀಟಿ ಅಕ್ಕ ಮೇಲಂಗಿ ಕಳಚಿಟ್ಟು ಹತ್ತು ಹೆಜ್ಜೆ ದೂರದ ಬೆಂಚಿನಲ್ಲಿ ಕೂತಿರಬೇಕು. ಬಾಯಿ ಬಿಡಕೂಡದು.

ಒಪ್ಪುವ ಮೊದಲು ಅವರು ಒಂದು ಷರತ್ತು ಹಾಕಿದರು. ಸೋತವರು ಯಾರೂ ಸರದಿ ಕಳೆದುಕೊಳ್ಳಬಾರದು. ಅದಕ್ಕೆ ಕೌಂಟರಿನ ಗುಮಾಸ್ತರನ್ನು ಹಿಡಿದು, ಒಂದರಿಂದ ಹತ್ತರ ತನಕ ಕೈಯಲ್ಲಿ ಬರೆದ ಚೀಟಿ ಸಿದ್ಧ ಮಾಡಿಸಿಟ್ಟಿದ್ದಾರೆ. "ಅದು ನನ್ನ ತಲೆಗೇ ಬಂದಿರ್ಲಿಲ್ಲ," ಎಂದು ವಿನ್ಯಾಸಕಿ ಒಪ್ಪಿಕೊಳ್ಳುತ್ತಾಳೆ.

ಆರೂವರೆ. ಬಾಗಿಲು ತೆರೆಯುತ್ತದೆ. ಬೆಂಚಿನಲ್ಲಿ ನಾವು ಮೂವರು. ವಿನ್ಯಾಸಕಿಯ ತೊಡೆಯ ಮೇಲೆ ಟಿಪ್ಪಣಿ ಪುಸ್ತಕ. ಚೀಟಿ ಅಕ್ಕ ಎರಡೂ ಕೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಕೂತಿದ್ದಾರೆ, ಬಿಟ್ಟರೆ ಅವು ತಾವಾಗಿ ಎದ್ದು ಹೋಗುತ್ತವೇನೋ ಎಂಬಂತೆ.

ಮೊದಲಿನವರು ಡಾಕ್ಟರ ಮೂಗು ಒತ್ತುತ್ತಾರೆ. ಹಣೆ ಒತ್ತುತ್ತಾರೆ. ಸ್ಟೆತಸ್ಕೋಪು ಒತ್ತುತ್ತಾರೆ. ಸುತ್ತ ನೋಡಿ ಕೌಂಟರಿಗೆ ಹೋಗುತ್ತಾರೆ. ಎರಡನೆಯವರು, ಕಾಲೇಜು ಹುಡುಗ, ನಲವತ್ತು ಸೆಕೆಂಡಿನಲ್ಲಿ ಚೀಟಿ ಪಡೆದು ಹೊರಡುತ್ತಾನೆ. ವಿನ್ಯಾಸಕಿಯ ಮುಖ ಅರಳುತ್ತದೆ. ಅದು ಅರಳಿದ್ದು ಆಗ ಮಾತ್ರ. ಮೂರನೆಯವರು ಹಸಿರು ಒತ್ತುತ್ತಾರೆ. ನಾಲ್ಕನೆಯವರೂ. ಐದನೆಯವರ ತೋಳಿನಲ್ಲಿ ಕೂಸಿದೆ, ಒಂದೇ ಕೈ ಖಾಲಿ, ಮೂವತ್ತು ಸೆಕೆಂಡು ಎರಡು ಸಲ ಮುಗಿಯುತ್ತದೆ. ಆರನೆಯವರು ಹೇಗೋ ಗೆದ್ದು, ಚೀಟಿ ಕೆಳಗೆ ಬಿದ್ದದ್ದು ಕಾಣದೆ ಕೌಂಟರಿಗೆ ಹೊರಟುಹೋಗುತ್ತಾರೆ. ಚೀಟಿ ಅಕ್ಕ ನೋವು ತಿಂದವರ ಹಾಗೆ ಕಣ್ಣು ಮುಚ್ಚುತ್ತಾರೆ. ಏಳನೆಯವರಿಗೆ ಚೀಟಿ ಸಿಗುತ್ತದೆ. ಎಂಟನೆಯವರಿಗಿಲ್ಲ. ಒಂಬತ್ತನೆಯವರಿಗೆ ಸಿಗುತ್ತದೆ, ಆದರೆ ಅವರು ಕಿವಿ ಹಿಡಿದುಕೊಂಡು ಬಂದವರು, ಚೀಟಿ ಚರ್ಮದ ವಿಭಾಗದ್ದು.

ಹತ್ತನೆಯವರು ಬಡಗಿ. ಕೆಲಸದ ಅಂಗಿಯಲ್ಲೇ ಬಂದಿದ್ದಾರೆ, ಕಿವಿಯ ಹಿಂದೆ ಪೆನ್ಸಿಲು ಹಾಗೇ ಇದೆ. ಹೆಂಡತಿಯ ಪಾದ ಊದಿಕೊಂಡಿದೆ, ಆಕೆಯನ್ನು ನಮ್ಮ ಬೆಂಚಿನ ತುದಿಯಲ್ಲಿ ಕೂರಿಸಿ, "ಒಂದ್ನಿಮಿಷ, ಈಗ ಬಂದೆ," ಎಂದು ಹೋಗುತ್ತಾರೆ. ನಂಬರಿನ ಪರದೆಯ ತನಕ ಚೆನ್ನಾಗಿಯೇ ಹೋಗುತ್ತದೆ. ನಂಬರು ಒತ್ತುತ್ತಾರೆ. ಪೀಂ ಎಂದು ಸದ್ದಾಗಿ ಕೆಂಪಕ್ಷರ ಮೂಡುತ್ತದೆ: 'ನೀವು ತಪ್ಪು ಮಾಹಿತಿ ನೀಡಿದ್ದೀರಿ.' ಮತ್ತೆ ಒತ್ತುತ್ತಾರೆ. ಪೀಂ. ಜೇಬಿನಿಂದ ಕಾಗದ ತೆಗೆದು, ಅದನ್ನು ನೋಡಿಕೊಂಡು ಒಂದೊಂದಾಗಿ ಒತ್ತುತ್ತಾರೆ. ಅಷ್ಟರಲ್ಲಿ ಸಮಯ ಮುಗಿದು ಡಾಕ್ಟರು ನಗುತ್ತಾರೆ. ಹಿಂದೆ ನಿಂತವರೊಬ್ಬರು ಗಂಟಲು ಸರಿಮಾಡಿಕೊಳ್ಳುತ್ತಾರೆ. ಬಡಗಿ ಯಂತ್ರಕ್ಕೆ, ಹೌದು, ಯಂತ್ರಕ್ಕೆ, "ತಪ್ಪಾಯ್ತು, ತಪ್ಪಾಯ್ತು," ಎನ್ನುತ್ತಾರೆ. ಕೈಯನ್ನು ಅಂಗಿಗೆ ಉಜ್ಜಿಕೊಂಡು ಮತ್ತೆ ಮೊದಲಿಂದ ಶುರುಮಾಡುತ್ತಾರೆ. ಪೀಂ. ಹೆಂಡತಿಯ ಕಡೆ ತಿರುಗಿ, "ನನ್ನ ಕೈಲಿ ಆಗ್ತಿಲ್ಲ ಕಣೇ. ನಿನ್ನ ಮಗಳನ್ನಾದ್ರೂ ಕರ್ಕೊಂಡು ಬರ್ಬೇಕಿತ್ತು. ನನ್ನಂಥ ದಡ್ಡನ್ನ ನಂಬ್ಕೊಂಡು ಬಂದೆ ನೋಡು," ಎಂದು ನಗಲು ನೋಡುತ್ತಾರೆ. ಆಕೆ, "ಹಾಗನ್ಬೇಡಿ," ಎನ್ನುತ್ತಾರೆ.

ವಿನ್ಯಾಸಕಿ ಪುಸ್ತಕ ಕೆಳಗಿಟ್ಟು ಎದ್ದೇಬಿಡುತ್ತಾಳೆ.

"ಕೂತ್ಕೊಳ್ಳಮ್ಮ," ಎನ್ನುತ್ತಾರೆ ಚೀಟಿ ಅಕ್ಕ. ಇಷ್ಟು ಹೊತ್ತಿನಲ್ಲಿ ಅವರು ಬಾಯಿಬಿಟ್ಟದ್ದು ಇದೇ ಮೊದಲು. ದನಿ ಗಡುಸಾಗಿದೆ, ಕಣ್ಣು ತುಂಬಿಕೊಂಡಿವೆ. "ಇನ್ನೂ ಮೂರು ನಿಮಿಷ ಇದೆ. ನೋಡು. ನಾನು ನೋಡ್ತಿಲ್ವಾ?"

ಅವಳು ಕೂರುತ್ತಾಳೆ. ಬಡಗಿ ಇನ್ನೂ ಎರಡು ಸಲ ಸೋಲುತ್ತಾರೆ. ನನ್ನ ವೃತ್ತಿಜೀವನದಲ್ಲಿ ಇಷ್ಟು ಉದ್ದದ ಮೂರು ನಿಮಿಷ ಕಂಡಿಲ್ಲ. ಗಡಿಯಾರದ ಮುಳ್ಳು ಹನ್ನೆರಡು ಮುಟ್ಟಿದ್ದೇ ತಡ, ಚೀಟಿ ಅಕ್ಕ ಉಬ್ಬಿದ ಕಾಲಿನಲ್ಲೇ ಓಡುತ್ತಾರೆ. ಬಡಗಿಯ ಕೈಗೆ ಗುಮಾಸ್ತರ ಚೀಟಿ ಕೊಟ್ಟು, ಇಡೀ ಹಜಾರಕ್ಕೆ ಕೇಳುವಂತೆ ಹೇಳುತ್ತಾರೆ: "ನಿಮ್ಮ ತಪ್ಪಲ್ಲ ಅಣ್ಣಾ. ಮಿಷಿನ್ ಸರಿಯಿಲ್ಲ. ನಿಮ್ಮ ತಪ್ಪು ಒಂದು ಚೂರೂ ಇಲ್ಲ."

ಬಡಗಿ ಪಿಳಿಪಿಳಿ ನೋಡುತ್ತಾರೆ. "ಹೌದಾ?" ಎನ್ನುತ್ತಾರೆ. ಆಮೇಲೆ ಯಂತ್ರದ ಹಿಂದಕ್ಕೆ ಹೋಗಿ ಅದರ ಮೂಲೆಗಳನ್ನು ಬೆರಳಲ್ಲಿ ತಡವಿ, "ಪೆಟ್ಟಿಗೆ ಏನೋ ನೀಟಾಗಿ ಮಾಡಿದ್ದಾರೆ," ಎಂದು ನ್ಯಾಯವಾಗಿ ಮೆಚ್ಚಿ, ಹೆಂಡತಿಯನ್ನು ಕರೆದುಕೊಂಡು ಹೋಗುತ್ತಾರೆ.

ಹತ್ತಕ್ಕೆ ಎರಡು. ಕಿವಿನೋವಿಗೆ ಚರ್ಮದ ಚೀಟಿ ಸಿಕ್ಕಿದ್ದನ್ನೂ ಸೇರಿಸಿದರೆ ಮೂರು. ವಿನ್ಯಾಸಕಿ ಅಲ್ಲಿಂದಲೇ ಮೇಲಿನವರಿಗೆ ಫೋನ್ ಮಾಡುತ್ತಾಳೆ. ಆ ಕಡೆಯ ದನಿ ನಮಗೂ ಕೇಳುವಷ್ಟು ದೊಡ್ಡದು. "ಅಷ್ಟೇ ತಾನೆ? ಎಲ್ಲ ಆಸ್ಪತ್ರೆಯಲ್ಲೂ ಪಕ್ಕಕ್ಕೆ ಒಬ್ಬರನ್ನ ನಿಲ್ಲಿಸೋಕೆ ಹೇಳಿದ್ರಾಯ್ತು!" ನಾನು ಹಣೆ ಹಣೆ ಬಡಿದುಕೊಳ್ಳುತ್ತೇನೆ. ವಿನ್ಯಾಸಕಿ ಮಾತ್ರ ತಣ್ಣಗೆ, "ಹಾಗಾದ್ರೆ ಮಿಷಿನ್ ಯಾಕೆ ಸಾರ್?" ಎನ್ನುತ್ತಾಳೆ. ಹನ್ನೊಂದು ಗಂಟೆಗೆ ಸುದ್ದಿ ಬರುತ್ತದೆ: ನಲವತ್ತೊಂದು ಯಂತ್ರಗಳನ್ನು ಆರು ವಾರ ತಡೆಹಿಡಿಯಲಾಗಿದೆ, ಅಷ್ಟರಲ್ಲಿ ಪರದೆ ತಿದ್ದಬೇಕು. ಕೈತೊಳೆದುಕೊಳ್ಳುವವರು ಆರು ವಾರದಲ್ಲಿ ಏನೇನು ನೆಪ ಹುಡುಕುತ್ತಾರೋ ಹೇಳಲಾಗದು. ಸದ್ಯಕ್ಕೆ ಇಷ್ಟು.

ಅಧೀಕ್ಷಕರೂ ಇಳಿದು ಬಂದು ಒಂದು ಮಾತು ಹೇಳಿಹೋದರು. ಯಂತ್ರ ಸರಿಯಾದ ಮೇಲೆ ಚೀಟಿ ಅಕ್ಕ ಮೂರನೇ ಮಹಡಿಯ ನೆಲಕ್ಕೆ ವಾಪಸು ಹೋಗಬೇಕಂತೆ. ನನಗೆ ಮೈ ಉರಿದುಹೋಯಿತು. ಅವರಿಗೆ ಹಾಗೇನೂ ಆದಂತೆ ಕಾಣಲಿಲ್ಲ. "ನೆಲ ನನ್ನ ಕೆಲಸ ತಾನೆ ಸಾರ್. ಅಲ್ಲಿ ಕಿಟಕಿ ಇದೆ, ಗಾಳಿ ಬರುತ್ತೆ," ಎಂದರು.

ಮಧ್ಯಾಹ್ನ ಒಂದು ಗಂಟೆ. ವಿನ್ಯಾಸಕಿ ಪುಸ್ತಕದಲ್ಲಿ ಮೂವತ್ತೆಂಟು ತಿದ್ದುಪಡಿ ಬರೆದುಕೊಂಡಿದ್ದಾಳೆ. ಮೊದಲು ಯಾವುದು ಮಾಡಲಿ, ಬಣ್ಣವೋ ನಂಬರಿನ ಕ್ರಮವೋ ಎಂದು ಕೇಳುತ್ತಾಳೆ. ಚೀಟಿ ಅಕ್ಕ ಎರಡಕ್ಕೂ ತಲೆಯಾಡಿಸುವುದಿಲ್ಲ.

"ಅದೆಲ್ಲ ಮಾಡು. ಮೊದಲು ಆ ಕೆಂಪು ಸಾಲು ತೆಗಿ. ನೀವು ತಪ್ಪು ಅನ್ನೋದು. ಕಾಯಿಲೆ ಬಿದ್ದು ಬಂದೋರಿಗೆ ಹೇಳೋ ಮಾತಾ ಅದು?"

"ತೆಗೀತೀನಿ. ಆದ್ರೆ ಅಲ್ಲಿ ಏನಾದ್ರೂ ಬರೀಬೇಕಲ್ಲಾ? ನೀವು ಏನಂತೀರಿ ಅವರಿಗೆ?"

ಅವರು ಸ್ವಲ್ಪ ಯೋಚಿಸುತ್ತಾರೆ. "ನಾನಾ? ನಿಧಾನಕ್ಕೆ ಮಾಡಿ, ನಾನಿಲ್ಲೇ ಇದ್ದೀನಿ ಅಂತೀನಿ."

ವಿನ್ಯಾಸಕಿ ಅದನ್ನು ಹಾಗೇ ಬರೆದುಕೊಳ್ಳುತ್ತಾಳೆ. ಚೀಟಿ ಅಕ್ಕ ಬಗ್ಗಿ ಓದಿ, ಎರಡನೇ ಮಾತಿನ ಮೇಲೆ ಬೆರಳಿಡುತ್ತಾರೆ.

"ಇದನ್ನ ಹೊಡೆದುಹಾಕಮ್ಮ. ಮೊದಲನೇದಷ್ಟೇ ಇರ್ಲಿ. ಇದನ್ನ ಮಿಷಿನ್ ಹೇಳಿದ್ರೆ ಸುಳ್ಳಾಗುತ್ತೆ."